ಗಲಭೆ ಮುಗಿದ ಮೇಲೆ ಉಳಿಯುವ ಗಾಯ

ಕೋಮು ಗಲಭೆಯ ಚಿತ್ರವೆಂದರೆ ಕತ್ತಿ, ಬೆಂಕಿ, ಚೀತ್ಕಾರ ಎಂದು ನಾವು ಭಾವಿಸಿಕೊಂಡಿದ್ದೇವೆ. ನಂದಿತಾ ದಾಸ್ ಅವರ ಚೊಚ್ಚಲ ನಿರ್ದೇಶನದ ‘ಫಿರಾಕ್’ (2008) ಆ ದಾರಿ ಹಿಡಿಯುವುದಿಲ್ಲ. 2002ರ ಗುಜರಾತ್ ಹತ್ಯಾಕಾಂಡ ನಡೆದು ಒಂದು ತಿಂಗಳಾದ ಮೇಲಿನ ಒಂದು ದಿನದ ಕತೆ ಅದು. ಆ ಗಲಭೆಯಲ್ಲಿ 790 ಮುಸ್ಲಿಮರೂ 254 ಹಿಂದೂಗಳೂ ಸತ್ತರೆಂದು ಸರಕಾರ 2005ರಲ್ಲಿ ಸಂಸತ್ತಿಗೆ ತಿಳಿಸಿತು. ಬದುಕಿ ಉಳಿದವರ ಮನಸ್ಸಿಗೆ ಏನಾಯಿತು ಎಂಬುದು ಇಂಥ ಲೆಕ್ಕಗಳಲ್ಲಿ ಬರುವುದಿಲ್ಲ. ಚಿತ್ರ ಕೈಗೆತ್ತಿಕೊಂಡಿರುವುದು ಅದನ್ನೇ.

ದೀಪ್ತಿ ನವಲ್ ನಟಿಸಿರುವ ಆರತಿ ಒಬ್ಬ ಹಿಂದೂ ಗೃಹಿಣಿ. ಗಲಭೆಯ ಸಮಯದಲ್ಲಿ ಜೀವ ಉಳಿಸಿಕೊಳ್ಳಲು ಬಾಗಿಲು ಬಡಿದ ಮುಸ್ಲಿಂ ಹೆಂಗಸಿಗೆ ಆಕೆ ಬಾಗಿಲು ತೆರೆದಿರಲಿಲ್ಲ. ಈಗ ಆ ಹೆಂಗಸು ಮತ್ತೆ ಮತ್ತೆ ಕಣ್ಣೆದುರು ಬಂದು ನಿಲ್ಲುತ್ತಾಳೆ. ಆರತಿ ಕಾದ ಎಣ್ಣೆಯನ್ನು ತನ್ನ ಕೈಯ ಮೇಲೆ ತಾನೇ ಸುರಿದುಕೊಳ್ಳುತ್ತಾಳೆ.

ಪಾತ್ರಕ್ಕೆ ರೋಗದ ಹೆಸರು ಅಂಟಿಸುವುದು ವಿಮರ್ಶೆಯ ಕೆಲಸವಲ್ಲ. ಆದರೂ ಆಘಾತದ ಸ್ವರೂಪವನ್ನು ನಿರ್ದೇಶಕಿ ಚೆನ್ನಾಗಿ ಅರಿತಿದ್ದಾರೆ ಎನ್ನಲೇಬೇಕು. ಸಾಮಾನ್ಯ ನೆನಪು ಕಾಲ ಕಳೆದಂತೆ ಮಸುಕಾಗುತ್ತದೆ. ಆಘಾತದ ನೆನಪು ಹಾಗಲ್ಲ. ಒಂದು ಸದ್ದು, ಒಂದು ವಾಸನೆ ಸಾಕು, ಅಪಾಯ ಈಗಲೇ ಎದುರಿಗಿದೆ ಎಂಬಂತೆ ಎದೆ ಹೊಡೆದುಕೊಳ್ಳುತ್ತದೆ. ನಿದ್ದೆ ಬರುವುದಿಲ್ಲ, ಬಂದರೆ ದುಃಸ್ವಪ್ನ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಇದಕ್ಕೆ ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಹೆಸರಿಟ್ಟಿತು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸಂಕಟ ಅದಕ್ಕೊಂದು ಮುಖ್ಯ ಕಾರಣವಾಗಿತ್ತು.

ಚಿತ್ರದ ಅತ್ಯಂತ ಮಹತ್ವದ ಭಾಗ ಪುಟ್ಟ ಹುಡುಗ ಮೊಹ್ಸಿನ್‌ನದು. ಕುಟುಂಬವನ್ನು ಕಳೆದುಕೊಂಡು ತಂದೆಯನ್ನು ಹುಡುಕುತ್ತಾ ಅಲೆಯುವ ಅವನನ್ನು ಆರತಿ ಮನೆಗೆ ಕರೆತರುತ್ತಾಳೆ, ಮೋಹನ್ ಎಂದು ಹೆಸರು ಬದಲಿಸಿ ಅಡಗಿಸಿಡುತ್ತಾಳೆ. ತಾನು ಕಂಡದ್ದನ್ನು ಅವನು ಅವಳಿಗೆ ಹೇಳುತ್ತಾನೆ, ಅವಳು ಕೇಳಿಸಿಕೊಳ್ಳುತ್ತಾಳೆ. ಇಬ್ಬರ ಗಾಯಕ್ಕೂ ಮದ್ದು ಸಿಕ್ಕಿತೇನೋ ಎಂದು ನಮಗನಿಸುತ್ತದೆ. ಆದರೆ ಗಂಡ ಅವಳನ್ನು ಹೊಡೆಯುವುದನ್ನು ಕಂಡ ಹುಡುಗ ಅಲ್ಲಿಂದ ಓಡಿಹೋಗುತ್ತಾನೆ. ಮನೋವೈದ್ಯೆ ಜೂಡಿತ್ ಹರ್ಮನ್ ಆಘಾತದ ಬಗೆಗಿನ ತಮ್ಮ 1992ರ ಕೃತಿಯಲ್ಲಿ ಚೇತರಿಕೆಯ ಮೂರು ಹಂತಗಳನ್ನು ಹೇಳುತ್ತಾರೆ: ಸುರಕ್ಷತೆ, ನೆನೆದು ದುಃಖಿಸುವುದು, ಮತ್ತೆ ಜನರೊಂದಿಗೆ ಬೆರೆಯುವುದು. ಮೊದಲನೆಯದು ಇಲ್ಲದೆ ಎರಡನೆಯದು ನಿಲ್ಲುವುದಿಲ್ಲ. ಈ ಸತ್ಯವನ್ನು ಚಿತ್ರ ಒಂದು ಮಾತೂ ಬೋಧಿಸದೆ ತೋರಿಸಿದೆ.

ನಮ್ಮ ತಕರಾರು ಇರುವುದು ಕೊನೆಯ ಬಗ್ಗೆ. ಮೊಹ್ಸಿನ್ ನಿರಾಶ್ರಿತರ ಶಿಬಿರ ಸೇರುತ್ತಾನೆ. ಅವನ ಮೂಕ ಮುಖದೊಂದಿಗೆ ಚಿತ್ರ ಮುಗಿಯುತ್ತದೆ. ನಿಜ, ಸುಳ್ಳು ಸಮಾಧಾನಕ್ಕಿಂತ ಅದು ಮೇಲು. ಆದರೆ ಶಿಬಿರದಲ್ಲಿ ಎಲ್ಲವೂ ಮುಗಿದುಹೋಗುವುದಿಲ್ಲ. 2002ರ ಬಳಿಕ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ಗುಜರಾತಿನಲ್ಲಿ ಸ್ಥಳೀಯ ಕಾರ್ಯಕರ್ತರಿಗೆ ಸಂತ್ರಸ್ತರ ಮಾತನ್ನು ಹೇಗೆ ಆಲಿಸಬೇಕೆಂದು ತರಬೇತಿ ನೀಡಿದರು. ಚಿತ್ರದಲ್ಲಿ ಅಂಥ ಒಂದು ಪಾತ್ರವೂ ಇಲ್ಲ. ಚಿಕಿತ್ಸೆ ಎಂದರೆ ಮಾತ್ರೆ ಮಾತ್ರವಲ್ಲ, ಎಲ್ಲವನ್ನೂ ಒಮ್ಮೆಲೇ ಹೇಳೆಂದು ಪೀಡಿಸುವುದೂ ಅಲ್ಲ. ಸಂತ್ರಸ್ತ ವ್ಯಕ್ತಿ ತಾಳಿಕೊಳ್ಳುವಷ್ಟೇ ವೇಗದಲ್ಲಿ, ಭಯವಿಲ್ಲದ ಜಾಗದಲ್ಲಿ, ನುರಿತವರ ನೆರವಿನಿಂದ ಆ ನೆನಪಿನ ಬಳಿಗೆ ಮರಳುವುದು, ‘ತಪ್ಪು ನನ್ನದೇ’ ಎಂಬ ಭಾವವನ್ನು ಪರೀಕ್ಷಿಸುವುದು ಅದರ ತಿರುಳು. ನೆನಪು ಅಳಿಯುವುದಿಲ್ಲ, ಆದರೆ ಅದು ನಡೆದುಹೋದದ್ದು, ಈಗ ನಡೆಯುತ್ತಿಲ್ಲ ಎಂದು ಮನಸ್ಸು ಒಪ್ಪಿಕೊಳ್ಳುತ್ತದೆ. ಎಲ್ಲರಿಗೂ ವೈದ್ಯರೇ ಬೇಕೆಂದಿಲ್ಲ. ಮನೆಯವರ, ನೆರೆಯವರ ಆಸರೆಯಿಂದಲೇ ಅನೇಕರು ಚೇತರಿಸಿಕೊಳ್ಳುತ್ತಾರೆ.

ಇಲ್ಲಿ ನಾವು ನಮ್ಮನ್ನೂ ವಿಮರ್ಶಿಸಿಕೊಳ್ಳಬೇಕು. ರಾತ್ರಿ ಬೆಚ್ಚಿ ಏಳುವ ಮಗುವಿಗೆ ತಾಯಿತ ಕಟ್ಟಿ ಸುಮ್ಮನಾಗುತ್ತೇವೆ. ಮಾತು ಕಳೆದುಕೊಂಡ ವಿಧವೆಗೆ ‘ಸಬ್ರ್ ಮಾಡು’ ಎಂದು ಹೇಳಿ ಎದ್ದು ಬರುತ್ತೇವೆ. ಸಹನೆ ಎಂದರೆ ಮೌನವಲ್ಲ. ಮಗ ಯೂಸುಫರ ಅಗಲಿಕೆಯಲ್ಲಿ ಪ್ರವಾದಿ ಯಾಕೂಬರ(ಅ) ಕಣ್ಣುಗಳು ದುಃಖದಿಂದ ಬೆಳ್ಳಗಾದವೆಂದು ಕುರ್‌ಆನ್ ಹೇಳುತ್ತದೆ. ಅವರು ಸಹನೆಗೆ ಮಾದರಿ, ಅವರ ಅಳಲೂ ಅದೇ ಅಧ್ಯಾಯದಲ್ಲಿದೆ. ರೋಗಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳಿ ಎಂದವರು ಪ್ರವಾದಿವರ್ಯರು(ಸ). 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಒಂದೇ ಗ್ರಂಥದಲ್ಲಿ ವಿವೇಚಿಸಿದ್ದರು. ಮನೋವೈದ್ಯರ ಬಳಿ ಹೋಗುವುದನ್ನು ಈಮಾನಿನ ಕೊರತೆ ಎನ್ನುವವರಿಗೆ ಈ ಪರಂಪರೆ ಗೊತ್ತಿರಲಿಕ್ಕಿಲ್ಲ.

2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಇದನ್ನು ಮಸೀದಿಯ ಫಲಕದಲ್ಲಿ ಬರೆದು ಹಾಕಲು ಯಾರ ಅನುಮತಿಯೂ ಬೇಕಿಲ್ಲ. ಗಲಭೆಯಾದೊಡನೆ ಅಕ್ಕಿ, ಕಂಬಳಿ ಒಯ್ಯಲು ನಮ್ಮ ಸಂಘಟನೆಗಳು ಕಲಿತಿವೆ. ಅವುಗಳ ಜೊತೆಗೆ ಕುಳಿತು ಕೇಳುವವರನ್ನೂ ಕಳುಹಿಸುವುದನ್ನು ಕಲಿಯಬೇಕು. ‘ಫಿರಾಕ್’ ನೋಡಿ ಎದ್ದವರಿಗೆ ಇಷ್ಟು ಅರ್ಥವಾದರೆ ಆ ಹುಡುಗನ ಮೌನಕ್ಕೆ ಉತ್ತರ ಕೊಟ್ಟಂತಾಗುತ್ತದೆ.