ಪ್ರಕ್ಷೇಪಗಳ ಲೆಕ್ಕ ಇಡುವವರು

ಕಳೆದ ಮಳೆಗಾಲದ ಒಂದು ಭಾನುವಾರ ರಾತ್ರಿ ನಮ್ಮ ಆಟ ನಿಂತುಹೋಯಿತು. ಮೈಸೂರಿನಲ್ಲಿ ಇಬ್ಬರು, ಧಾರವಾಡದಲ್ಲೊಬ್ಬ, ಮಂಗಳೂರಿನಲ್ಲೊಬ್ಬಳು. ನಾಲ್ವರೂ ಕಂಪ್ಯೂಟರಿನ ಮುಂದೆ ಕೂತು ಒಂದೇ ಹಾಸಿನ ಮೇಲೆ ಕಾಯಿ ನಡೆಸುತ್ತೇವೆ. ಹಾಸು, ದಾಳ, ಕಾಯಿಗಳನ್ನು ತೆರೆಯ ಮೇಲೆ ಒದಗಿಸುವ ಇಂಥ ತಂತ್ರಾಂಶಕ್ಕೆ ವರ್ಚುವಲ್ ಟೇಬಲ್‌ಟಾಪ್ ಎಂದು ಹೆಸರು. ಅದಕ್ಕೆ ಆಟಗಾರರೇ ಬರೆದು ಹಂಚುವ ಸೇರ್ಪಡೆಗಳಿರುತ್ತವೆ. ಒಂದು ಹಾಸಿನ ಮೇಲೆ ಮಳೆ ಸುರಿಸುತ್ತದೆ, ಇನ್ನೊಂದು ದಾಳ ಉರುಳುವುದನ್ನು ತೋರಿಸುತ್ತದೆ, ಮತ್ತೊಂದು ಬಾಗಿಲು ತೆರೆದಾಗ ಸದ್ದು ಮಾಡುತ್ತದೆ. ನಾನು ಅಂಥ ಮೂವತ್ತೆರಡನ್ನು ಪೇರಿಸಿಟ್ಟಿದ್ದೆ. ಅಂದು ಹಳೆಯದರ ಪ್ರತಿ ತೆಗೆದಿಡದೆಯೇ ಮೂಲ ತಂತ್ರಾಂಶದ ಹೊಸ ಆವೃತ್ತಿ ಹಾಕಿಬಿಟ್ಟೆ. ತಪ್ಪು ನನ್ನದೇ. ಸೇರ್ಪಡೆಗಳು ಒಂದರ ಮೇಲೊಂದು ಮುಗ್ಗರಿಸಿದವು. ಎಲ್ಲವನ್ನೂ ನಿಲ್ಲಿಸಿ, ಅರ್ಧದಷ್ಟನ್ನು ಮಾತ್ರ ಚಾಲೂ ಮಾಡಿ, ಅದರಲ್ಲಿ ಮತ್ತೆ ಅರ್ಧ ಮಾಡುತ್ತ ದೋಷ ಎಲ್ಲಿದೆಯೆಂದು ಹುಡುಕಿದೆ. ಎರಡು ಗಂಟೆಯ ಹೊತ್ತಿಗೆ, ಹಗಲು ಹಸ್ತಪ್ರತಿಗಳ ಮುಂದೆ ಕೂತು ಮಾಡುವ ಕೆಲಸವನ್ನೇ ರಾತ್ರಿಯೂ ಮಾಡುತ್ತಿದ್ದೇನೆ ಅನ್ನಿಸಿತು.

ಹಸ್ತಪ್ರತಿ ಓದುವವರಿಗೆ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ' ಮೊದಲ ಪಾಠ. ಪ್ರತಿಗಳನ್ನು ಹೋಲಿಸಬೇಕು, ಪಾಠಾಂತರ ಗುರುತಿಸಬೇಕು, ಪ್ರಕ್ಷೇಪವನ್ನು ಬೇರ್ಪಡಿಸಬೇಕು. ಕಷ್ಟವೆಂದರೆ ಓಲೆಗರಿಯಲ್ಲಿ ಪದ್ಯ ಸೇರಿಸಿದವನು ತನ್ನ ಹೆಸರು ಹೇಳುವುದಿಲ್ಲ. ಅವನ ಪದ್ಯ ಕವಿಯದೇ ಎಂಬಂತೆ ಸಾಲಿನಲ್ಲಿ ಕೂತಿರುತ್ತದೆ. ಛಂದಸ್ಸು ಎಡವಿದ ಜಾಗ, ಕಾಲಕ್ಕೆ ಹೊಂದದ ಪದ, ಒಂದು ಪ್ರತಿಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಸಾಲು, ಇವುಗಳ ಜಾಡು ಹಿಡಿದು ಅವನನ್ನು ಪತ್ತೆಹಚ್ಚಬೇಕು.

ಆಟದ ತಂತ್ರಾಂಶಗಳ ಲೋಕ ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದೆ. 2020ರಲ್ಲಿ ಬಂದ ಫೌಂಡ್ರಿಯನ್ನೇ ನೋಡಿ. ಅದರಲ್ಲಿ ಪ್ರತಿಯೊಂದು ಸೇರ್ಪಡೆಗೂ, ಅಂದರೆ ಮಾಡ್ಯೂಲಿಗೂ, ಒಂದು ಚಿಕ್ಕ ಕಡತ ಅಂಟಿಕೊಂಡಿರುತ್ತದೆ. ಬರೆದವರು ಯಾರು, ಇದು ಎಷ್ಟನೆಯ ಆವೃತ್ತಿ, ಇನ್ಯಾವ ಮಾಡ್ಯೂಲನ್ನು ನೆಚ್ಚಿಕೊಂಡಿದೆ, ಮೂಲ ತಂತ್ರಾಂಶದ ಯಾವ ಆವೃತ್ತಿಯಿಂದ ನಡೆಯುತ್ತದೆ ಎಂಬುದೆಲ್ಲ ಅಲ್ಲಿ ನಮೂದಾಗಿರುತ್ತದೆ. ಬೇಡವೆನಿಸಿದರೆ ಒಂದು ಗುರುತು ತೆಗೆದರೆ ಸಾಕು, ಮಾಡ್ಯೂಲ್ ಸುಮ್ಮನಾಗುತ್ತದೆ. ಇಲ್ಲಿ ಪ್ರಕ್ಷೇಪ ಕಳ್ಳನಂತೆ ಒಳಗೆ ಬರುವುದಿಲ್ಲ, ಹೆಸರು ಹೇಳಿಕೊಂಡು ಬರುತ್ತದೆ.

ಆದರೂ ಈ ಕಡತವನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಹೊಂದಾಣಿಕೆಯ ಬಗ್ಗೆ ಅಲ್ಲಿ ಮೂರು ಮಾತುಗಳಿವೆ: ಮಿನಿಮಮ್, ವೆರಿಫೈಡ್, ಮ್ಯಾಕ್ಸಿಮಮ್. ನಡುವಿನದು 'ಪರೀಕ್ಷಿಸಿದ್ದೇನೆ' ಎಂಬ ಪ್ರಮಾಣ. ಆ ಪ್ರಮಾಣ ಮಾಡುವವರು ಮಾಡ್ಯೂಲ್ ಬರೆದವರೇ. ಅವರು ಪರೀಕ್ಷಿಸಿದ್ದು ಬರಿಯ ಮೂಲದ ಜೊತೆಗಿರಬಹುದು, ನನ್ನ ಉಳಿದ ಮೂವತ್ತೊಂದರ ಜೊತೆಗಲ್ಲ. ಇನ್ನೊಂದು ಮಾತೂ ಇದೆ. ಬರೆದವರು ಕೆಲಸ ಬದಲಿಸಿ, ಮದುವೆಯಾಗಿ, ಬೇಸತ್ತು ಕೈಬಿಟ್ಟರೆ ಕಡತ ಹಾಗೆಯೇ ಉಳಿಯುತ್ತದೆ, ಮೂಲ ಮುಂದಕ್ಕೆ ಹೋಗುತ್ತದೆ. ಲೆಕ್ಕ ಇದ್ದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ.

ಇದಕ್ಕೆ ಮೈಸೂರಿನಲ್ಲೇ ಹಳೆಯ ನಿದರ್ಶನವಿದೆ. ಗಂಜೀಫಾ ಎಲೆಯಾಟದ ಮೊಗಲ್ ಕಟ್ಟಿನಲ್ಲಿ 96 ಎಲೆಗಳು, ದಶಾವತಾರದ ಕಟ್ಟಿನಲ್ಲಿ 120. ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟವನ್ನು ಬೆಳೆಸಿ 'ಛದ' ಎಂಬ ಹೊಸ ಎಲೆಯಾಟಗಳ ಸರಣಿಯನ್ನೇ ಕಟ್ಟಿದರು. ಕೆಲವು 18 ಪಂಗಡಗಳವರೆಗೆ, 360 ಎಲೆಗಳವರೆಗೆ ಹೋಗುತ್ತವೆ. ಅವುಗಳ ವಿವರ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗವಾದ 'ಕೌತುಕನಿಧಿ'ಯಲ್ಲಿ ದಾಖಲಾಗಿದೆ. ಇದಕ್ಕಿಂತ ಚೆಂದದ ದಾಖಲೆ ಯಾವ ಮಾಡ್ಯೂಲಿಗೂ ಸಿಕ್ಕಿರಲಾರದು. ಆದರೂ ಆ ಆಟಗಳು ಜನರ ಕೈಗೆ ಹಬ್ಬಲಿಲ್ಲ. ಅವು ಜಟಿಲವಾಗಿದ್ದವು, ನಿಜ. ಆದರೆ ಆ ಜಟಿಲತೆಯನ್ನು ಕಡಿಮೆ ಮಾಡಿ ಆಡಿಕೊಳ್ಳುವ ಸಲುಗೆ ಅರಮನೆಯ ಆಚೆಗಿನ ಯಾರಿಗೂ ಇರಲಿಲ್ಲ ಎಂಬುದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಚೌಕಾಬಾರದ ಕಥೆ ಇದಕ್ಕೆ ತಿರುಗುಮುರುಗು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಗೀಚಿ, ನಾಲ್ಕು ಕವಡೆ ಹಿಡಿದರೆ ಆಟ ಶುರು. ಎದುರಾಳಿಯ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗಬಾರದೆಂಬ ನಿಯಮ ಒಂದು ಮನೆಯಲ್ಲಿದ್ದರೆ ಪಕ್ಕದ ಮನೆಯಲ್ಲಿರುವುದಿಲ್ಲ. ನಮ್ಮಜ್ಜಿ ರಜೆಯಲ್ಲಿ ಬಂದ ಮಕ್ಕಳ ವಯಸ್ಸು ನೋಡಿಕೊಂಡು ನಿಯಮ ಸಡಿಲಿಸುತ್ತಿದ್ದರು. ಆಟ ಬದುಕಿತು. ಆದರೆ ಯಾವ ನಿಯಮವನ್ನು ಯಾರು ಯಾವಾಗ ಸೇರಿಸಿದರೆಂಬ ಲೆಕ್ಕ ಇಲ್ಲ. ಛದಕ್ಕೆ ದಾಖಲೆಯಿತ್ತು, ಆಡುವವರಿರಲಿಲ್ಲ. ಚೌಕಾಬಾರಕ್ಕೆ ಆಡುವವರಿದ್ದರು, ದಾಖಲೆಯಿರಲಿಲ್ಲ. ಸಮುದಾಯದ ಸೇರ್ಪಡೆಗಳಲ್ಲಿ ಎರಡೂ ಒಂದೆಡೆ ಸೇರುತ್ತವೆ. ಸಾಹಿತ್ಯದ ವಿದ್ಯಾರ್ಥಿಗಳು ಅವನ್ನು ಗಮನಿಸಬೇಕಾದದ್ದು ಈ ಕಾರಣಕ್ಕೆ.

ಇನ್ನೂ ಹತ್ತಿರದ ಕಾರಣ ನಮ್ಮ ಭಾಷೆ. ಫೌಂಡ್ರಿಯ ಮೂಲ ಇಂಗ್ಲಿಷಿನಲ್ಲಿದೆ. ಉಳಿದ ಭಾಷೆಗಳನ್ನು ಸಮುದಾಯದವರು ಮಾಡ್ಯೂಲುಗಳಾಗಿ ಸೇರಿಸುತ್ತಾರೆ. ಎಂದರೆ ಕನ್ನಡವೂ ಅಲ್ಲಿ ಒಂದು ಸೇರ್ಪಡೆಯಾಗಿಯೇ ಬರಬೇಕು. ಅನುವಾದವಾಗದ ಪದ ಸಿಕ್ಕರೆ ತಂತ್ರಾಂಶ ಕೆಡುವುದಿಲ್ಲ, ಗಲಾಟೆಯಿಲ್ಲದೆ ಇಂಗ್ಲಿಷನ್ನು ತಂದು ಕೂರಿಸುತ್ತದೆ. ಒಮ್ಮೆ ಅನುವಾದಿಸಿ ಬಿಟ್ಟರೆ, ಪ್ರತಿ ಹೊಸ ಆವೃತ್ತಿಯಲ್ಲೂ ಹೊಸ ಪದಗಳು ಬಂದು ಕನ್ನಡ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತದೆ. ಇಲ್ಲಿ ಭಾಷೆಯನ್ನು ಉಳಿಸುವವರು ಮೊದಲ ಅನುವಾದಕರಿಗಿಂತ ಹೆಚ್ಚಾಗಿ ಮೂರನೆಯ ವರ್ಷವೂ ಪಟ್ಟಿ ಹಿಡಿದು ಕೂರುವವರು. ನಮ್ಮ ವಿಭಾಗಗಳಲ್ಲಿ ಲೇಖನಕ್ಕೆ ಅಂಕವಿದೆ, ವಿಚಾರಸಂಕಿರಣದ ಪ್ರಮಾಣಪತ್ರಕ್ಕೂ ಬೆಲೆಯಿದೆ. ಈ ದುರಸ್ತಿಗೆ ಯಾವ ಕಾಲಮ್ಮೂ ಇಲ್ಲ. ಗ್ರಂಥ ಸಂಪಾದನೆಯನ್ನು ವಿದ್ವತ್ತೆಂದು ಒಪ್ಪಿದವರು ಇದನ್ನೂ ಒಪ್ಪಬೇಕಲ್ಲವೇ?

ಆ ರಾತ್ರಿಯ ನಂತರ ನಾನೂ ನಮ್ಮ ಗುಂಪಿನ ಮಟ್ಟಿಗೆ ಒಂದು ಕನ್ನಡ ಕಡತ ಶುರುಮಾಡಿದೆ. ಟೋಕನ್ 'ಕಾಯಿ' ಆಯಿತು, ಡೈಸ್ 'ದಾಳ' ಆಯಿತು. ಕ್ರಿಟಿಕಲ್ ಎಂಬಲ್ಲಿ ಚೌಕಾಬಾರದ ನೆನಪಿನಲ್ಲಿ 'ಗರ ಬಿತ್ತು' ಎಂದು ಬರೆದೆ. ಧಾರವಾಡದ ಗೆಳೆಯ ಒಪ್ಪಲಿಲ್ಲ. "ಇದು ನಿಮ್ಮ ಮೈಸೂರಿನವರ ಕನ್ನಡ ಆತಲ್ಲೋ" ಎಂದ. ಅವನ ಪದವನ್ನೂ ಅವನ ಹೆಸರು, ದಿನಾಂಕದೊಂದಿಗೆ ಬದಲಾವಣೆಗಳ ಪಟ್ಟಿಯಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ಆವೃತ್ತಿಯ ಹೊತ್ತಿಗೆ ಯಾವುದನ್ನು ಇಟ್ಟುಕೊಳ್ಳಬೇಕೆಂದು ನಾಲ್ವರೂ ಕೂತು ತೀರ್ಮಾನಿಸಬೇಕು.