ಇಳಿಜಾರು ತರಗತಿಯ ಬಾಗಿಲಲ್ಲೇ ಮುಗಿಯಬೇಕೇ?

ನಮ್ಮ ಅನೇಕ ಸರಕಾರಿ ಶಾಲೆಗಳ ಬಾಗಿಲಲ್ಲಿ ಇಂದು ಇಳಿಜಾರು ದಾರಿ ಕಾಣಸಿಗುತ್ತದೆ. ಗಾಲಿಕುರ್ಚಿಯ ಮಗು ತರಗತಿಯೊಳಗೆ ಹೋಗಲಿ ಎಂಬ ಸದುದ್ದೇಶ ಅದರದು. ಆದರೆ ಆಟದ ಗಂಟೆ ಬಾರಿಸಿದಾಗ ಆ ಮಗು ಎಲ್ಲಿಗೆ ಹೋಗಬೇಕು? ಅಂಗಳಕ್ಕಿಳಿದರೆ ಗಾಲಿ ಮರಳಿನಲ್ಲಿ ಹೂತುಹೋಗುತ್ತದೆ. ಕೊನೆಗೆ ಗೆಳೆಯರ ಚೀಲ, ಚಪ್ಪಲಿ ಕಾಯುವುದೇ ಅದರ ಆಟವಾಗುತ್ತದೆ. ಪಾಠ ಹಕ್ಕು, ಆಟ ಮಾತ್ರ ದಯೆ ಎಂಬ ನಮ್ಮ ಧೋರಣೆ ಇಲ್ಲಿ ಬಯಲಾಗುತ್ತದೆ.

ಕಾನೂನು ಹಾಗೆ ಹೇಳುವುದಿಲ್ಲ. ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 1989ರ ಒಡಂಬಡಿಕೆ ತನ್ನ 31ನೇ ವಿಧಿಯಲ್ಲಿ ಆಟವನ್ನು ಹಕ್ಕೆಂದು ಮಾನ್ಯ ಮಾಡಿದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 16ನೇ ಕಲಂ, ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಕ್ರೀಡೆ, ಮನರಂಜನೆಗಳಲ್ಲಿಯೂ ಇತರರಿಗೆ ಸಮನಾದ ಅವಕಾಶ ಕೊಡಬೇಕೆನ್ನುತ್ತದೆ. ಕಟ್ಟಡ ಮಾತ್ರವಲ್ಲ, ಶಾಲೆಯ ಆವರಣವೂ ಎಲ್ಲರಿಗೆ ನಿಲುಕಬೇಕು.

ಇದು ಆಗದ ಮಾತೇನೂ ಅಲ್ಲ. ಬೆಂಗಳೂರಿನಲ್ಲಿ ವಿಕಲಚೇತನ ಮಕ್ಕಳ ಹೆತ್ತವರು ಸೇರಿ ಕಟ್ಟಿದ 'ಕಿಲಿಕಿಲಿ' ಸಂಸ್ಥೆ, ನಗರ ಪಾಲಿಕೆಯೊಡನೆ ಸೇರಿ ಕೋಲ್ಸ್ ಪಾರ್ಕ್‌ನಂಥ ಉದ್ಯಾನಗಳಲ್ಲಿ ಎಲ್ಲ ಮಕ್ಕಳೂ ಆಡಬಹುದಾದ ಜಾಗಗಳನ್ನು ರೂಪಿಸಿತು. ಆದರೆ ಇಂಥ ಪ್ರಯತ್ನಗಳನ್ನು ನೋಡಿ ಗಾಲಿಕುರ್ಚಿ ಸಮೇತ ತೂಗುವ ಒಂದು ಉಯ್ಯಾಲೆ ಖರೀದಿಸಿ, ಬೇಲಿ ಹಾಕಿ, 'ವಿಶೇಷ ಮಕ್ಕಳಿಗೆ' ಎಂದು ಫಲಕ ತೂಗಿಸಿದರೆ ಕೆಲಸ ಮುಗಿಯುವುದೇ? ಬೇಲಿಯೊಳಗೆ ಒಬ್ಬನೇ ತೂಗಾಡುವ ಮಗು ಮೊದಲಿಗಿಂತ ಹೆಚ್ಚು ಒಂಟಿಯಾಗುತ್ತದೆ. ಆ ಮಗುವಿಗೆ ಬೇಕಾದದ್ದು ಜೊತೆಗಾರರು.

ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲೂಕಿನ ಗುಡೇಕೋಟೆಯನ್ನೇ ತೆಗೆದುಕೊಳ್ಳಿ. ಕೋಟೆ, ಬಂಡೆಗುಡ್ಡ, ಕರಡಿಧಾಮಗಳ ಊರು. ಒನಕೆ ಓಬವ್ವನ ತವರೆಂಬ ಪ್ರತೀತಿಯೂ ಇದೆ. ಬೇಸಿಗೆಯಲ್ಲಿ ಈ ಬಯಲುಸೀಮೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಇಲ್ಲಿ ಪಟ್ಟಣದ ಮಾದರಿಯ ಕಬ್ಬಿಣದ ಜಾರುಬಂಡೆ ನಿಲ್ಲಿಸಿದರೆ ಅದು ಕಾವಲಿಯಂತೆ ಕಾಯುತ್ತದೆ. ಕಾಲಿಗೆ ಸ್ಪರ್ಶಜ್ಞಾನವಿಲ್ಲದ ಮಗುವಿಗೆ ಚರ್ಮ ಸುಟ್ಟದ್ದೂ ತಿಳಿಯುವುದಿಲ್ಲ. ಆದ್ದರಿಂದ ಇಂಥ ಊರಲ್ಲಿ ಮೊದಲು ಬೇಕಾದದ್ದು ಮರದ ನೆರಳು. ಗೇಟಿನಿಂದ ಆ ನೆರಳಿನವರೆಗೆ ಗರಸು ಹಾಕಿ ಗಟ್ಟಿಯಾಗಿ ದಮ್ಮಾಸು ಮಾಡಿದ ದಾರಿ ಬೇಕು. ಮರಳು ಉಯ್ಯಾಲೆಯ ಕೆಳಗೆ ಮಾತ್ರ ಇರಲಿ, ಬಿದ್ದವರಿಗೆ ಅದು ಮೆತ್ತೆ. ದನ ನುಗ್ಗದಂತೆ ಇಡುವ ತಿರುವು ಗೇಟಿನ ಪಕ್ಕದಲ್ಲಿ 90 ಸೆಂಟಿಮೀಟರ್ ಅಗಲದ ಬಾಗಿಲಿರಲಿ. ಒಂದು ಅಡಿ ಎತ್ತರ ಏರಲು ಇಳಿಜಾರು 12 ಅಡಿ ಉದ್ದವಿರಬೇಕು. ಅದಕ್ಕಿಂತ ಕಡಿದಾದರೆ ಅದು ಹೆಸರಿಗಷ್ಟೇ ಇಳಿಜಾರು. ಗದ್ದಲಕ್ಕೆ ಬೆದರುವ ಮಗುವಿಗೆ ಒಂದು ಮೌನದ ಮೂಲೆಯೂ ಇರಲಿ.

ಹಂಪಿಯ ಹಾಸುಗಲ್ಲುಗಳ ಮೇಲೆ ಹಿಂದಿನವರು ಕೊರೆದ ಆಟದ ಮನೆಗಳನ್ನು ಇಂದಿಗೂ ಕಾಣಬಹುದು. ಕಲ್ಲಿಗೆ ಬರವಿಲ್ಲದ ಸೀಮೆಯಿದು. ಗಾಲಿಕುರ್ಚಿಯ ಮೊಣಕಾಲು ಕೆಳಗೆ ಸೇರುವಂತೆ ಒಂದು ಕಲ್ಲುಚಪ್ಪಡಿ ಹೂಡಿ ಅದರ ಮೇಲೆ ಚೌಕಾಬಾರದ ಮನೆಗಳನ್ನು ಆಳವಾಗಿ ಕೊರೆಸಿದರೆ, ಕಣ್ಣು ಕಾಣದ ಮಗುವೂ ಬೆರಳಿನಿಂದ ಓದಿ ಆಡಬಲ್ಲದು. ಅಲ್ಲಿ ನಾಲ್ವರೂ ಸಮಾನರು. ನಮ್ಮ ಮಕ್ಕಳು ಕುಂಟೆಬಿಲ್ಲೆಯಲ್ಲಿ ನಗುತ್ತಾ ಕುಂಟುತ್ತಾರೆ. ನಿಜಕ್ಕೂ ಕುಂಟುವ ಮಗುವನ್ನು ಅದೇ ಅಂಗಳದ ಅಂಚಿನಲ್ಲಿ ಕೂರಿಸಿದವರು ಮಕ್ಕಳಲ್ಲ, ಅಂಗಳ ಕಟ್ಟಿದ ಹಿರಿಯರು.

ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಈ ಮಾತೆತ್ತಲು ನಮಗೇನು ಅಡ್ಡಿ? ಮುಂದಿನ ಬಾರಿ ನಿಮ್ಮೂರಿನ ಆಟದ ಅಂಗಳಕ್ಕೆ ಹಣ ಬಂದಾಗ ಕೇಳಿ: ಇಲ್ಲಿ ಆಡಲಾಗದೆ ಉಳಿಯುವ ಮಗು ಯಾವುದು?