ಕೂಸು ಹುಟ್ಟುವ ಮುನ್ನ ಕುಲಾವಿ

ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸುವವರನ್ನು ಕಂಡು ನಮ್ಮ ಹಿರಿಯರು ಗಾದೆ ಕಟ್ಟಿ ನಕ್ಕರು. ಇಂದಿನ ಸಂಗೀತದ ವ್ಯಾಪಾರದಲ್ಲಿ ಕುಲಾವಿಯಷ್ಟೇ ಅಲ್ಲ, ಕೂಸಿನ ಜಾತಕ, ನಾಮಕರಣ, ಕೊನೆಗೆ ಅದರ ಬುದ್ಧಿವಂತಿಕೆಯ ಪ್ರಮಾಣಪತ್ರ ಕೂಡ ಹೆರಿಗೆಗೆ ಮುನ್ನವೇ ಸಿದ್ಧವಾಗಿರುತ್ತದೆ. ಹೊಸ ಆಲ್ಬಂ ಒಂದು ಮಾರುಕಟ್ಟೆಗೆ ಬರಲು ಇನ್ನೂ ಎರಡು ತಿಂಗಳಿರುವಾಗಲೇ ಅದು ಯುಗಪ್ರವರ್ತಕ ಕೃತಿಯೆಂದು ಒಬ್ಬರೂ, ಆ ತಂಡದ ಕತೆ ಮುಗಿಯಿತೆಂದು ಇನ್ನೊಬ್ಬರೂ ಹೇಳಿಬಿಟ್ಟಿರುತ್ತಾರೆ. ಮೊದಲನೆಯವರು ಡಂಗುರವನ್ನು ಮಾತ್ರ ಕೇಳಿದವರು. ಎರಡನೆಯವರು ಎಲ್ಲಿಂದಲೋ ಸೋರಿಬಂದ ಅರೆಬೆಂದ ತುಣುಕನ್ನು ಕೇಳಿದವರು. ಹಾಡನ್ನು ಪೂರ್ತಿಯಾಗಿ ಕೇಳಿದವರು ಬಾಯಿ ತೆರೆಯುವ ಹೊತ್ತಿಗೆ ಸಭೆಯೇ ಬರಖಾಸ್ತಾಗಿರುತ್ತದೆ.

ಇಂಗ್ಲಿಷರ ಗಿಟಾರು ಗದ್ದಲದ ಗೊಡವೆ ಸಂಘದ ಪತ್ರಿಕೆಗೇಕೆ ಎಂದು ಹಿರಿಯ ಓದುಗರು ಕೇಳಬಹುದು. ಮುಂಬಯಿ, ಪುಣೆ, ಚೆನ್ನೈಗಳ ನಮ್ಮ ಮನೆಗಳಲ್ಲಿ ಹಾಲಿನಲ್ಲಿ ಭೀಮಸೇನ ಜೋಶಿಯವರ ದಾಸವಾಣಿ ನಡೆದಿರುವಾಗ ಒಳಕೋಣೆಯಲ್ಲಿ ಮಕ್ಕಳು ಬೇರೇನನ್ನೋ ಕೇಳುತ್ತಿರುತ್ತಾರೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದಿರಲಿ. ಈ ರೋಗದ ಲಕ್ಷಣಗಳು ಇಂಗ್ಲೆಂಡಿನಲ್ಲಿ ಇಸವಿ ತಾರೀಖುಗಳ ಸಮೇತ ದಾಖಲಾಗಿವೆ. ಅಲ್ಲಿಯದನ್ನು ನೋಡಿದರೆ ನಮ್ಮ ಮನೆಯದು ಅರ್ಥವಾಗುವುದು ಸುಲಭ.

ಮ್ಯಾಂಚೆಸ್ಟರಿನ ಒಯೇಸಿಸ್ ಎಂಬ ತಂಡ 1995ರಲ್ಲಿ ತನ್ನ ಎರಡನೆಯ ಆಲ್ಬಮನ್ನು ಹೊರತಂದಿತು. ಅಲ್ಲಿನ ವಿಮರ್ಶಕರಲ್ಲಿ ಹಲವರು ಅದನ್ನು ಸಾಧಾರಣವೆಂದು ಬದಿಗೆ ತಳ್ಳಿದರು. ಜನ ಮಾತ್ರ ಮುಗಿಬಿದ್ದು ಕೊಂಡರು. ಮರುವರ್ಷ ಆಗಸ್ಟಿನಲ್ಲಿ ನೆಬ್‌ವರ್ತ್ ಎಂಬಲ್ಲಿ ಎರಡು ರಾತ್ರಿಗಳ ಕಛೇರಿಗೆ ಎರಡೂವರೆ ಲಕ್ಷ ಜನ ಸೇರಿದರು. ಟಿಕೇಟಿಗಾಗಿ ಬೇಡಿಕೆ ಸಲ್ಲಿಸಿದವರು ಅದರ ಹತ್ತರಷ್ಟು. ವಿಮರ್ಶಕರಿಗೆ ಮುಖಭಂಗವಾಯಿತು. ಮುಂದಿನ ಸಲ ಹೀಗಾಗಕೂಡದೆಂದು ಅವರು ಮನಸ್ಸಿನಲ್ಲೇ ಪಣ ತೊಟ್ಟಿರಬೇಕು. ಮೂರನೆಯ ಆಲ್ಬಂ 'ಬಿ ಹಿಯರ್ ನೌ' 1997ರ ಆಗಸ್ಟ್ 21ರಂದು ಬಂದಿತು.

ಬರುವ ಮುನ್ನ ನಡೆದ ಪ್ರಹಸನವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ತಂಡದ ವ್ಯವಸ್ಥಾಪಕರಿಗೆ ಹಾಡುಗಳು ಸೋರಿಹೋಗುವುದೆಂಬ ಭಯ. ಪತ್ರಕರ್ತರಿಗೆ ಕ್ಯಾಸೆಟ್ಟು ಕೊಡುವಾಗ, ಇದರ ಬಗ್ಗೆ ಯಾರೊಡನೆಯೂ ಚರ್ಚಿಸಕೂಡದೆಂಬ ಕರಾರಿಗೆ ರುಜು ಹಾಕಿಸಿಕೊಂಡರು. ಬಿಬಿಸಿಯ ರೇಡಿಯೋ ನಿರೂಪಕ ಸ್ಟೀವ್ ಲಮ್ಯಾಕ್ ಕೆಲವು ಹಾಡುಗಳನ್ನು ಮುಂಚಿತವಾಗಿ ಕೇಳಿಸಿದಾಗ, ಮನೆಗಳಲ್ಲಿ ಯಾರೂ ಟೇಪು ಮಾಡಿಕೊಳ್ಳದಂತೆ ಹಾಡಿನ ಮೇಲೆ ಆಗಾಗ ಮಾತಾಡುತ್ತಿರಬೇಕೆಂಬ ನಿಬಂಧನೆಯಿತ್ತು. ಸಾಕಷ್ಟು ಮಾತಾಡಲಿಲ್ಲವೆಂದು ಮರುದಿನವೇ ಅವರಿಗೆ ಉಳಿದ ಹಾಡುಗಳನ್ನು ನಿರಾಕರಿಸಲಾಯಿತು. ಹಾಡು ಕೇಳಿಸಲು ಕರೆದು, ಹಾಡು ಕೇಳದಂತೆ ಮಾತಾಡೆಂದು ಹೇಳುವ ಈ ಏರ್ಪಾಡನ್ನು ನಮ್ಮ ಕೈಲಾಸಂ ಅವರು ಕಂಡಿದ್ದರೆ ಒಂದು ನಾಟಕವೇ ಆಗುತ್ತಿತ್ತು.

ಬಚ್ಚಿಟ್ಟಷ್ಟೂ ಹಸಿವು ಹೆಚ್ಚಿತು. ಬಿಡುಗಡೆಯಾದ ಮೊದಲ ದಿನವೇ ಬ್ರಿಟನ್ನಿನಲ್ಲಿ 4 ಲಕ್ಷ 20 ಸಾವಿರಕ್ಕೂ ಹೆಚ್ಚು ಪ್ರತಿಗಳು, ಗುರುವಾರದಿಂದ ಶನಿವಾರದವರೆಗಿನ ಮೂರು ದಿನಗಳಲ್ಲಿ 7 ಲಕ್ಷದ ಹತ್ತಿರ ಪ್ರತಿಗಳು ಹೋದವು. ಅಷ್ಟು ವೇಗದ ಮಾರಾಟದ ದಾಖಲೆಯನ್ನು ಅಲ್ಲಿ ಮುರಿಯಲು 2015ರಲ್ಲಿ ಅಡೆಲ್ ಎಂಬ ಗಾಯಕಿ ಬರಬೇಕಾಯಿತು. ವಿಮರ್ಶೆಗಳೂ ಹಾಗೆಯೇ. 'ಕ್ಯೂ' ಪತ್ರಿಕೆ ಐದಕ್ಕೆ ಐದು ನಕ್ಷತ್ರ ಕೊಟ್ಟಿತು. ಉಳಿದವರೂ ಹೊಗಳಿಕೆಯಲ್ಲಿ ಹಿಂದೆ ಬೀಳಲಿಲ್ಲ.

ಕೆಲವೇ ತಿಂಗಳಲ್ಲಿ ಗಾಳಿ ತಿರುಗಿತು. ಹೊಗಳಿದ ಬಾಯಿಗಳೇ ಅದನ್ನು ಅಹಂಕಾರದ ಸ್ಮಾರಕವೆಂದವು. ಹಾಡುಗಳನ್ನು ಬರೆದ ನೋಯೆಲ್ ಗಾಲಗರ್ ಸ್ವತಃ ಅದನ್ನು ಎಲ್ಲರಿಗಿಂತ ಹೆಚ್ಚಾಗಿ ಹಳಿದರು. 2016ರಲ್ಲಿ ಮರುಬಿಡುಗಡೆಗೆಂದು ಇಡೀ ಆಲ್ಬಮನ್ನು ಹೊಸದಾಗಿ ಹದಗೊಳಿಸಲು ಕುಳಿತು, ಒಂದು ಹಾಡು ಮುಗಿಯುವಷ್ಟರಲ್ಲಿ ಕೈಬಿಟ್ಟರಂತೆ.

ನಮ್ಮ ಕಿವಿಗೆ ಕೇಳಿಸಿದ್ದನ್ನು ಹೇಳಬೇಕಾದರೆ, ಈ ಆಲ್ಬಂ ಆ ಐದು ನಕ್ಷತ್ರಕ್ಕೂ ತಕ್ಕುದಲ್ಲ, ಆಮೇಲಿನ ಉಗುಳಿಗೂ ತಕ್ಕುದಲ್ಲ. ಒಟ್ಟು 71 ನಿಮಿಷಗಳು. ಒಂದು ಹಾಡಂತೂ ಒಂಬತ್ತು ನಿಮಿಷ ದಾಟುತ್ತದೆ. ಗಿಟಾರಿನ ಮೇಲೆ ಗಿಟಾರು ಪೇರಿಸಿದ್ದರಿಂದ, ಗಣೇಶನ ಪೆಂಡಾಲಿನ ಧ್ವನಿವರ್ಧಕದ ಪಕ್ಕದಲ್ಲೇ ಕುರ್ಚಿ ಸಿಕ್ಕವನ ಅನುಭವ ನಮ್ಮದಾಗುತ್ತದೆ. ಆದರೂ ಅಡಿಯಲ್ಲಿ ನಾಲ್ಕೈದು ಒಳ್ಳೆಯ ಧಾಟಿಗಳಿವೆ. ಅಣ್ಣ ಬರೆದದ್ದನ್ನು ಹಾಡುವ ತಮ್ಮ ಲಿಯಮ್‌ನ ಕಂಠದಲ್ಲಿ ಆ ಒರಟು ಹಂಬಲ ಇನ್ನೂ ಇದೆ. ಮೂರನೆಯ ಒಂದು ಪಾಲು ಕತ್ತರಿಸಿದ್ದರೆ ಸಲ್ಲುವಂಥ ಕೃತಿ. ಈ ಸಾಧಾರಣ ಮಾತನ್ನು ಹೇಳಲು 1997ರ ಆಗಸ್ಟಿನಲ್ಲಿ ಯಾರಿಗೂ ಸಾಧ್ಯವಾಗಲಿಲ್ಲ. ಏಕೆಂದರೆ ವಿಮರ್ಶಕನು ಅಳೆಯುತ್ತಿದ್ದದ್ದು ಹಾಡನ್ನಲ್ಲ, ತನ್ನ ಹಿಂದಿನ ತಪ್ಪನ್ನು. ಸಾಲಿನಲ್ಲಿ ನಿಂತು ಕೊಂಡವನಿಗೂ ಅದೇ ಪಾಡು. ಹಣದ ಜೊತೆ ಅಭಿಮಾನವನ್ನೂ ತೆತ್ತವನು ಮೊದಲ ವಾರವೇ ಸಪ್ಪೆಯೆಂದು ಹೇಗೆ ಒಪ್ಪಿಯಾನು? ಒಪ್ಪಿದ ದಿನ, ಮೋಸಹೋದವನ ಸಿಟ್ಟನ್ನೂ ಹಾಡಿನ ಮೇಲೆಯೇ ತೀರಿಸಿಕೊಂಡನು.

ಇನ್ನು ಸೋರಿಕೆಯ ಮಾತು. 1999ರಲ್ಲಿ ನ್ಯಾಪ್ಸ್ಟರ್ ಎಂಬ ವ್ಯವಸ್ಥೆ ಬಂದು, ಒಬ್ಬರ ಕಂಪ್ಯೂಟರಿನಲ್ಲಿದ್ದ ಹಾಡನ್ನು ಇನ್ನೊಬ್ಬರು ಕಾಸಿಲ್ಲದೆ ಎಳೆದುಕೊಳ್ಳುವುದು ಸುಲಭವಾಯಿತು. ಎರಡೇ ವರ್ಷಗಳಲ್ಲಿ, 2001ರಲ್ಲಿ, ಕೋರ್ಟು ಅದರ ಬಾಗಿಲು ಹಾಕಿಸಿತು. ಈ ನಡುವೆ ಆಕ್ಸ್‌ಫರ್ಡಿನ ರೇಡಿಯೋಹೆಡ್ ತಂಡದ 'ಕಿಡ್ ಎ' ಎಂಬ ಆಲ್ಬಂ, 2000ದ ಅಕ್ಟೋಬರಿನಲ್ಲಿ ಬರಬೇಕಾದದ್ದು, ವಾರಗಳ ಮೊದಲೇ ಅಲ್ಲಿ ಸೋರಿಹೋಯಿತು. ಅದಕ್ಕೂ ಮುಂಚೆ ಬೇಸಗೆಯ ಕಛೇರಿಗಳಲ್ಲಿ ತಂಡ ಹೊಸ ಹಾಡುಗಳನ್ನು ನುಡಿಸಿತ್ತು. ಬಾರ್ಸಿಲೋನಾದಲ್ಲಿ ನುಡಿಸಿದ್ದು ಮರುದಿನವೇ ನ್ಯಾಪ್ಸ್ಟರಿನಲ್ಲಿತ್ತು. ಮೂರು ವಾರಗಳ ನಂತರ ಇಸ್ರೇಲಿಗೆ ಹೋದರೆ ಅಲ್ಲಿನ ಸಭಿಕರಿಗೆ ಇನ್ನೂ ಪ್ರಕಟವಾಗದ ಹಾಡುಗಳ ಸಾಹಿತ್ಯ ಬಾಯಿಪಾಠವಾಗಿತ್ತು ಎಂದು ತಂಡದ ಕಾಲಿನ್ ಗ್ರೀನ್‌ವುಡ್ ಹೇಳಿಕೊಂಡಿದ್ದಾರೆ. ಹೇಳುವಾಗ ಅವರಿಗೆ ಸಿಟ್ಟಿಗಿಂತ ಬೆರಗೇ ಹೆಚ್ಚಾಗಿತ್ತು.

'ಕಿಡ್ ಎ' ಸುಲಭದ ಕೃತಿಯಲ್ಲ. ಗಿಟಾರಿಗೆ ಹೆಸರಾದ ತಂಡ ಗಿಟಾರನ್ನು ಮೂಲೆಗಿಟ್ಟು, ಯಂತ್ರಗಳ ಮಂದ್ರಧ್ವನಿಯಲ್ಲಿ, ಮಾತನ್ನು ಚೂರುಚೂರು ಮಾಡಿ ಹಾಡಿದ್ದು. ವಿಮರ್ಶಕರು ಇಬ್ಭಾಗವಾದರು. ಕಾದಂಬರಿಕಾರ ನಿಕ್ ಹಾರ್ನ್‌ಬಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ, ಇಂಥದ್ದನ್ನು ಕೇಳುವ ತಾಳ್ಮೆ ಸಂಬಳಕ್ಕೆ ದುಡಿಯುವವರಿಗೆ ಎಲ್ಲಿಂದ ಬರಬೇಕು ಎಂಬರ್ಥದಲ್ಲಿ ಬರೆದರು. ಲೋಕಲ್ ಗಾಡಿಯಲ್ಲಿ ದಿನಕ್ಕೆ ಮೂರು ತಾಸು ನೇತಾಡುವ ನಮ್ಮಂಥವರಿಗೆ ಈ ಮಾತು ಥಟ್ಟನೆ ನಾಟುತ್ತದೆ. ಆದರೆ ಸೋರಿಕೆಯ ದಾರಿಯಲ್ಲಿ ಅದನ್ನು ಕೇಳಿದ ಹುಡುಗರಿಗೆ ಆ ತಾಳ್ಮೆ ಸಿಕ್ಕಿತ್ತು. ಪತ್ರಿಕೆಗಳು ಏನೂ ಹೇಳುವ ಮೊದಲೇ ಅವರು ಕೆಲವು ವಾರ ಅದರೊಡನೆ ಕಳೆದಿದ್ದರು. ಈ ಆಲ್ಬಮಿನಿಂದ ಬಿಡಿ ಹಾಡೊಂದನ್ನು ಮಾರಲಿಲ್ಲ, ರೂಢಿಯ ವಿಡಿಯೋ ಮಾಡಲಿಲ್ಲ. ಆದರೂ ಅಮೆರಿಕದ ಪಟ್ಟಿಯಲ್ಲಿ ತಂಡ ಮೊದಲ ಬಾರಿಗೆ ಮೊದಲ ಸ್ಥಾನಕ್ಕೇರಿತು. ಸೋರಿಕೆಯಿಂದಲೇ ಮಾರಾಟ ಹೆಚ್ಚಿತೆಂದು ವಾದಿಸುವಷ್ಟು ಧೈರ್ಯ ನಮಗಿಲ್ಲ. ಮುಂಚೆ ಕೇಳಿದವರು ಕೊಳ್ಳುವುದಿಲ್ಲವೆಂಬ ಕಂಪನಿಗಳ ಅಳಲಂತೂ ಅಲ್ಲಿ ನಿಲ್ಲಲಿಲ್ಲ.

ಹಾಗೆಂದು ಸೋರಿಕೆಗೆ ಹಾರ ಹಾಕುವಂತಿಲ್ಲ. ಅದೇ ತಂಡದ 'ಹೇಲ್ ಟು ದ ಥೀಫ್' 2003ರ ಜೂನಿನಲ್ಲಿ ಬರುವುದಿದ್ದಾಗ, ಸುಮಾರು ಹತ್ತು ವಾರ ಮೊದಲು ಅದರ ಕರಡು ಪ್ರತಿ ಹೊರಬಿದ್ದಿತು. ಧ್ವನಿಗಳನ್ನು ಇನ್ನೂ ಸರಿಯಾಗಿ ಬೆರೆಸಿರಲಿಲ್ಲ. ಒಗ್ಗರಣೆ ಬೀಳುವ ಮೊದಲೇ ಸಾರನ್ನು ಸೌಟಿನಲ್ಲಿ ಎತ್ತಿ ಕುಡಿದು, ಅಡುಗೆಯವಳಿಗೆ ಕೈರುಚಿ ಇಲ್ಲವೆಂದಂತೆ ತೀರ್ಪುಗಳು ಹರಿದಾಡಿದವು. ಇದಕ್ಕಿಂತ ವಿಚಿತ್ರವಾದದ್ದು ಆಮೇಲೆ ನಡೆಯುವುದು. ಒಗ್ಗರಣೆಯಿಲ್ಲದ ಸಾರಿಗೇ ಒಗ್ಗಿದ ನಾಲಿಗೆಗೆ ನಿಜವಾದ ಸಾರು ರುಚಿಸುವುದಿಲ್ಲ. ಮೊದಲು ಕಿವಿಗೆ ಬಿದ್ದದ್ದೇ ಮೂಲ, ಮಿಕ್ಕದ್ದೆಲ್ಲ ಪಾಠಾಂತರ! ಇದು ಇಂಗ್ಲಿಷರ ದೌರ್ಬಲ್ಯ ಮಾತ್ರವೆಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೋ ಸಿ. ಅಶ್ವತ್ಥರ ಧಾಟಿಯಲ್ಲೋ ಎಂಬ ಜಗಳ ಎಷ್ಟು ವರ್ಷ ನಡೆಯಿತೆಂಬುದು ಗೊತ್ತೇ ಇದೆ. 2022ರಲ್ಲಿ ಸರಕಾರ ಅನಂತಸ್ವಾಮಿಯವರ ಧಾಟಿಯನ್ನು, ಎರಡೂವರೆ ನಿಮಿಷದ ಮಿತಿಯನ್ನು ಗೊತ್ತುಮಾಡಿದ ಮೇಲೂ ವಿಷಯ ಹೈಕೋರ್ಟಿನವರೆಗೆ ಹೋಯಿತು. ವಾದಿಸಿದವರಲ್ಲಿ ಬಹಳ ಮಂದಿ ತಾವು ಶಾಲೆಯಲ್ಲೋ ಸಭೆಯಲ್ಲೋ ಮೊದಲು ಕಲಿತ ಧಾಟಿಯ ಪರವಾಗಿಯೇ ವಾದಿಸುತ್ತಿದ್ದರೆಂದು ನಮ್ಮ ಗುಮಾನಿ.

ರೇಡಿಯೋಹೆಡ್‌ನವರು ಕೊನೆಗೆ ಒಂದು ಉಪಾಯ ಹೂಡಿದರು. ಹೇಗೂ ಸೋರುವುದಾದರೆ ನಾವೇ ಸೋರಿಸೋಣ ಎಂದುಕೊಂಡು, 2007ರ ಅಕ್ಟೋಬರ್ 10ರಂದು, ಕೇವಲ ಹತ್ತು ದಿನಗಳ ಮುನ್ಸೂಚನೆ ಕೊಟ್ಟು, 'ಇನ್ ರೇನ್‌ಬೋಸ್' ಆಲ್ಬಮನ್ನು ಇಂಟರ್‌ನೆಟ್ಟಿನಲ್ಲಿಟ್ಟರು. ಇಷ್ಟಬಂದಷ್ಟು ಕೊಡಿ, ಬೇಡವೆಂದರೆ ಬಿಡಿ ಎಂದರು. ವಿಮರ್ಶಕ, ಅಭಿಮಾನಿ, ಅಂಗಡಿಯವ, ಎಲ್ಲರೂ ಒಂದೇ ದಿನ ಕೇಳಿದರು. ಪಂಕ್ತಿಭೇದವಿಲ್ಲದ ಊಟ! ಆದರೆ ಪತ್ರಿಕೆಗಳಲ್ಲಿ ಬಂದ ಬರಹಗಳನ್ನು ನೋಡಿದರೆ ನಗು ಬರುತ್ತದೆ. ನೀನೆಷ್ಟು ಕೊಟ್ಟೆ, ನಾನೆಷ್ಟು ಕೊಟ್ಟೆ ಎಂಬುದೇ ದೊಡ್ಡ ಚರ್ಚೆ. ಆ ತಂಡದ ಕೃತಿಗಳಲ್ಲೆಲ್ಲ ಅತ್ಯಂತ ಆಪ್ತವಾದ ಆ ಹತ್ತು ಹಾಡುಗಳ ಬಗ್ಗೆ ಮಾತು ಆಮೇಲೆ, ನಿಧಾನವಾಗಿ ಬಂದಿತು. ಡಂಗುರವನ್ನು ಮುಂಬಾಗಿಲಿನಿಂದ ಓಡಿಸಿದರೆ ಹಿತ್ತಿಲಿನಿಂದ ಬರುತ್ತದೆ.

ಇನ್ನು ನಮ್ಮ ಮನೆಗೆ ಬರೋಣ. ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂದಿತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಅದನ್ನು ಗುರುತಿಸುತ್ತಾರೆ. ಹೊರನಾಡಿನಲ್ಲಿದ್ದ ನಮ್ಮ ಸಂಸಾರಗಳಿಗೆ ಇಂಥ ಕ್ಯಾಸೆಟ್ಟುಗಳು ತಲುಪುತ್ತಿದ್ದ ರೀತಿಯನ್ನು ನೆನೆಯಬೇಕು. ಬೇಸಗೆ ರಜೆಗೆ ಊರಿಗೆ ಹೋದವರು ಹಪ್ಪಳ, ಚಟ್ನಿಪುಡಿಗಳ ನಡುವೆ ಟ್ರಂಕಿನಲ್ಲಿಟ್ಟು ತರಬೇಕು. ಪಕ್ಕದ ಬಿಡಾರದವರು ಎರವಲು ಪಡೆಯಬೇಕು. ಜೋಡಿ ಟೇಪಿನ ಯಂತ್ರ ಇದ್ದವರ ಮನೆಯಲ್ಲಿ ನಕಲಾಗಬೇಕು. ಅಷ್ಟರಲ್ಲಿ ಬೆಂಗಳೂರಿನ ಮಾತುಕತೆಯೆಲ್ಲ ತಣ್ಣಗಾಗಿರುತ್ತಿತ್ತು. ಹಾಡು ಬರಿಗೈಯಲ್ಲಿ ಬರುತ್ತಿತ್ತು. ಹೊಗಳಿಕೆಯ ಚೀಟಿಯಿಲ್ಲ, ಬೈಗುಳವಿಲ್ಲ. ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಕೇಳಿಯೇ ತಿಳಿಯಬೇಕಾಗಿತ್ತು. ತಡವಾಗುವುದನ್ನು ನಾವು ಪರವೂರಿನ ಬಡತನವೆಂದು ಗೊಣಗಿದೆವು. ಅದರಲ್ಲಿ ಒಂದು ಅನುಕೂಲವೂ ಇತ್ತೆಂಬುದು ಅದು ಹೋದ ಮೇಲೆ ಕಾಣುತ್ತಿದೆ.

ಈಗ ಕನ್ನಡ ಚಿತ್ರವೊಂದರ ಹಾಡು ಮೈಸೂರಿಗೂ ದಿಲ್ಲಿಗೂ ಒಂದೇ ಗಳಿಗೆಯಲ್ಲಿ ಬರುತ್ತದೆ. ಮೊದಲು ಭಿತ್ತಿಚಿತ್ರ, ಆಮೇಲೆ ಅರೆ ನಿಮಿಷದ ಟೀಸರು, ಆಮೇಲೆ ಲಿರಿಕಲ್ ವಿಡಿಯೋ. ಇಪ್ಪತ್ತನಾಲ್ಕು ತಾಸಿನಲ್ಲಿ ಇಷ್ಟು ಲಕ್ಷ ವೀಕ್ಷಣೆ ಎಂಬ ಅಂಕಿಯನ್ನು ಹಾಡಿನ ನೆತ್ತಿಗೇ ಅಂಟಿಸಿರುತ್ತಾರೆ. ಆ ಲಕ್ಷದಲ್ಲಿ ಎರಡನೆಯ ಚರಣದವರೆಗೆ ಕೂತವರೆಷ್ಟು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಚಿತ್ರೀಕರಣದ ತಾಣದಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ತುಣುಕು ಇನ್ನೊಂದು ಕಡೆಯಿಂದ ಬರುತ್ತದೆ. ಅದನ್ನೂ ಪ್ರಚಾರದವರೇ ಬಿಟ್ಟಿರಬಹುದೇ ಎಂಬ ಸಂಶಯ ಸುಳಿಯದೆ ಇರದು. ಊರಿನ ಬಂಧುಗಳು ವಾಟ್ಸಾಪಿನಲ್ಲಿ ಹಾಡನ್ನು ಕಳಿಸುವಾಗ ಅಭಿಪ್ರಾಯವನ್ನೂ ಸೇರಿಸಿಯೇ ಕಳಿಸುತ್ತಾರೆ. ಪರವೂರಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡದ ಸಂಪರ್ಕವೆಂದರೆ ಮುಖ್ಯವಾಗಿ ಈ ಹಾಡುಗಳೇ. ಮಾತು ಅರ್ಧ ತಿಳಿಯುವ ಮಗು, ಅಂಕಿ ಮಾತ್ರ ಪೂರ್ತಿ ತಿಳಿಯುತ್ತದಾದ್ದರಿಂದ, ಅಂಕಿಯನ್ನೇ ನಂಬುತ್ತದೆ. ನಮಗೆ ಚಿಂತೆ ಹುಟ್ಟಿಸಿರುವುದು ಒಯೇಸಿಸ್‌ನ ಏಳುಬೀಳಲ್ಲ, ಇದು.

ಪತ್ರಿಕೆಯ ಈ ಪುಟಗಳಿಗೂ ಧ್ವನಿಮುದ್ರಿಕೆಗಳು ವಿಮರ್ಶೆಗೆಂದು ಬರುತ್ತವೆ. ಜೊತೆಗೆ, ಬರುವ ಸಂಚಿಕೆಯಲ್ಲೇ ನಾಲ್ಕು ಸಾಲು ಬರಲಿ ಎಂಬ ಕೋರಿಕೆಯೂ ಬರುತ್ತದೆ. ಬಿಡುಗಡೆಯಾಗಿ ಮೂರು ತಿಂಗಳು ಕಳೆಯದ ಯಾವ ಆಲ್ಬಮಿನ ವಿಮರ್ಶೆಯನ್ನೂ ಇಲ್ಲಿ ಅಚ್ಚು ಮಾಡಬಾರದೆಂದೂ, ಬಂದದ್ದನ್ನು ಸಂಘದ ವಾಚನಾಲಯದಲ್ಲಿ ಯಾರು ಬೇಕಾದರೂ ಕೂತು ಕೇಳುವಂತೆ ಇಡಬೇಕೆಂದೂ ಸಂಪಾದಕ ಮಂಡಲಿಯ ಮುಂದೆ ನಮ್ಮ ಅರಿಕೆ.